ಹೊಳೆಯುವ ಅರಿಶಿನ ಕಂಡರೆ ಒಮ್ಮೆ ಯೋಚಿಸಿ

*ಆರೋಗ್ಯ ಮಾಲಿಕೆ: ಅಡುಗೆಮನೆಯ ವಿಜ್ಞಾನ*



ಕಿರಾಣಿ ಅಂಗಡಿಯಲ್ಲಿ ಎರಡು ಚೀಲ ಅರಿಶಿನದ ಕೊಂಬು ಇಟ್ಟಿದ್ದಾರೆ ಎಂದುಕೊಳ್ಳಿ. ಒಂದರಲ್ಲಿರುವ ಕೊಂಬು ಕಂದು ಮಿಶ್ರಿತ ಹಳದಿ, ಮೇಲೆಲ್ಲ ಸುಕ್ಕು, ಅಲ್ಲಲ್ಲಿ ಮಣ್ಣಿನ ಬಣ್ಣ. ಇನ್ನೊಂದರಲ್ಲಿರುವುದು ಚೆಂಡುಹೂವಿನ ಹಾಗೆ ಹೊಳೆಯುತ್ತಿದೆ. ಬೆಲೆ ಎರಡಕ್ಕೂ ಒಂದೇ. ನೀವು ಯಾವುದನ್ನು ತೆಗೆದುಕೊಳ್ಳುತ್ತೀರಿ?

ನೂರರಲ್ಲಿ ತೊಂಬತ್ತು ಜನ ಹೊಳೆಯುವುದನ್ನೇ ಆರಿಸುತ್ತೇವೆ. ಕಣ್ಣಿಗೆ ಚೆಂದ ಕಂಡದ್ದು ಒಳ್ಳೆಯದು ಎಂಬ ನಂಬಿಕೆ ನಮ್ಮದು. ಈ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡು ಕೆಲವರು ಅರಿಶಿನಕ್ಕೆ ವಿಷ ಬಳಿದರು. ಆ ವಿಷವನ್ನು ಪತ್ತೆಹಚ್ಚಿದ್ದು ವಿಶ್ಲೇಷಣಾ ರಸಾಯನಶಾಸ್ತ್ರ, ಅಂದರೆ ಒಂದು ವಸ್ತುವಿನಲ್ಲಿ ಏನೇನಿದೆ, ಎಷ್ಟೆಷ್ಟಿದೆ ಎಂದು ಅಳೆದು ಹೇಳುವ ವಿದ್ಯೆ. ಹಳೆಯ ವರ್ಣಚಿತ್ರ, ನೆಲದಡಿಯ ಮೂಳೆ, ಕಾರಿನ ಹೊಗೆ ಕೊಳವೆ ಇವೆಲ್ಲದರಲ್ಲೂ ಇದೇ ವಿದ್ಯೆ ಕೆಲಸ ಮಾಡುತ್ತದೆ. ಅದು ನಮ್ಮ ಒಗ್ಗರಣೆ ಬಾಣಲೆಗೂ ಹೇಗೆ ಸಂಬಂಧಿಸಿದೆ ಎಂದು ಇಂದು ನೋಡೋಣ.

*ನಿಜವಾದ ಹಳದಿ ಎಲ್ಲಿಂದ ಬರುತ್ತದೆ?*

ಅರಿಶಿನದ ಬಣ್ಣಕ್ಕೆ ಕಾರಣ ಕರ್ಕ್ಯುಮಿನ್ ಮತ್ತು ಅದರ ಜೊತೆಗಾರ ವಸ್ತುಗಳು. ಒಣ ಅರಿಶಿನದಲ್ಲಿ ಇವು ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ಐದು ಭಾಗ. ಗಡ್ಡೆಯನ್ನು ಕಿತ್ತು, ಕುದಿಸಿ, ಬಿಸಿಲಿನಲ್ಲಿ ದಿನಗಟ್ಟಲೆ ಒಣಗಿಸಿ, ಕೊನೆಗೆ ಡ್ರಮ್ಮಿನಲ್ಲಿ ಉರುಳಿಸಿ ಮೇಲಿನ ಒರಟು ಸಿಪ್ಪೆ ತೆಗೆಯುತ್ತಾರೆ. ಚಾಮರಾಜನಗರವಿರಲಿ, ಸಾಂಗ್ಲಿ, ಈರೋಡು, ನಿಜಾಮಾಬಾದ್ ಇರಲಿ, ಎಲ್ಲ ಕಡೆ ಕ್ರಮ ಹೆಚ್ಚುಕಡಿಮೆ ಇದೇ. ಒಣಗಿಸುವಾಗ ಮಳೆ ಬಿದ್ದರೆ, ತೇವದಲ್ಲಿ ಇಟ್ಟರೆ ಕೊಂಬು ಕಪ್ಪಾಗುತ್ತದೆ. ಅದಕ್ಕೆ ಬೆಲೆ ಸಿಗುವುದಿಲ್ಲ.

ಇಲ್ಲಿ ಬರುವುದೇ ಲೆಡ್ ಕ್ರೋಮೇಟ್. ಸೀಸ ಮತ್ತು ಕ್ರೋಮಿಯಂ ಸೇರಿದ ಹಳದಿ ಪುಡಿ ಇದು. ಬಣ್ಣದ ಉದ್ಯಮ, ಪ್ಲಾಸ್ಟಿಕ್ ಉದ್ಯಮದ ವಸ್ತು. ಡ್ರಮ್ಮಿನಲ್ಲಿ ಕೊಂಬು ಉರುಳುವಾಗ ಒಂದಿಷ್ಟು ಪುಡಿ ಎರಚಿದರೆ ಸಾಕು, ಮಂಕಾದ ಮಾಲು ಫಳಫಳ ಹೊಳೆಯುತ್ತದೆ. ತೂಕವೂ ಸ್ವಲ್ಪ ಹೆಚ್ಚುತ್ತದೆ.

*ಬಾಂಗ್ಲಾದೇಶದ ತಾಯಂದಿರ ರಕ್ತ ಹೇಳಿದ ಕಥೆ*

ಕಳೆದ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಢಾಕಾದ ಸಂಶೋಧನಾ ಸಂಸ್ಥೆಯ ತಜ್ಞರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ಗರ್ಭಿಣಿಯರ ರಕ್ತ ಪರೀಕ್ಷಿಸಿದರು. ಸುಮಾರು ಶೇಕಡಾ 30ರಷ್ಟು ಮಹಿಳೆಯರ ರಕ್ತದಲ್ಲಿ ಸೀಸ ಹೆಚ್ಚಿತ್ತು. ಬಹಳಷ್ಟು ಕಡೆ ಹತ್ತಿರದಲ್ಲಿ ಬ್ಯಾಟರಿ ಕಾರ್ಖಾನೆ ಇಲ್ಲ, ವಾಹನ ದಟ್ಟಣೆ ಇಲ್ಲ. ಹಾಗಾದರೆ ಸೀಸ ಬಂದದ್ದೆಲ್ಲಿಂದ?

ಅಕ್ಕಿ, ಮಣ್ಣು, ಕೀಟನಾಶಕ, ಆಹಾರ ಡಬ್ಬಿಗಳ ಬೆಸುಗೆ, ಮಸಾಲೆ ಎಲ್ಲವನ್ನೂ ಸಂಶಯದ ಪಟ್ಟಿಗೆ ಸೇರಿಸಿ ಒಂದೊಂದನ್ನೇ ಪರೀಕ್ಷಿಸುತ್ತಾ ಹೋದರು. ಕಡೆಗೆ ಬೆರಳು ತೋರಿದ್ದು ಅರಿಶಿನದ ಕಡೆಗೆ.

ಇದನ್ನು ಖಚಿತಪಡಿಸಿದ ವಿಧಾನ ಪುರಾತತ್ವ ತಜ್ಞರಿಗೆ ಚೆನ್ನಾಗಿ ಗೊತ್ತಿರುವಂಥದು. ಸೀಸದಲ್ಲಿ ನಾಲ್ಕು ಸ್ಥಿರ ಐಸೋಟೋಪುಗಳಿವೆ, ತೂಕದಲ್ಲಿ ಸ್ವಲ್ಪ ಸ್ವಲ್ಪ ವ್ಯತ್ಯಾಸವಿರುವ ಅಣ್ಣತಮ್ಮಂದಿರಂತೆ. ಯಾವ ಗಣಿಯ ಸೀಸ ಎಂಬುದರ ಮೇಲೆ ಇವುಗಳ ಪ್ರಮಾಣ ಬದಲಾಗುತ್ತದೆ. ಪ್ರಾಚೀನ ಕಂಚಿನ ವಿಗ್ರಹ ಅಥವಾ ಬೆಳ್ಳಿ ನಾಣ್ಯದ ಲೋಹ ಯಾವ ಗಣಿಯಿಂದ ಬಂದಿರಬಹುದು ಎಂದು ತಿಳಿಯಲು 1960ರ ದಶಕದಿಂದಲೂ ಇದನ್ನು ಬಳಸುತ್ತಿದ್ದಾರೆ. ಹಾಗೆಯೇ ತಾಯಂದಿರ ರಕ್ತದ ಸೀಸವನ್ನೂ ಅರಿಶಿನದ ಸೀಸವನ್ನೂ ಹೋಲಿಸಿದಾಗ ಎರಡರ ಗುರುತೂ ತಾಳೆಯಾಯಿತು.

2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪರಿಶೀಲಿಸಿದ 9 ಜಿಲ್ಲೆಗಳ ಪೈಕಿ 7ರಲ್ಲಿ ಈ ಕಲಬೆರಕೆಗೆ ಸಾಕ್ಷಿ ಸಿಕ್ಕಿತು. ಇದು ಶುರುವಾದದ್ದು 1980ರ ದಶಕದಲ್ಲಂತೆ, ಪ್ರವಾಹ ಬಂದು ಅರಿಶಿನವೆಲ್ಲ ನೆನೆದು ಕಪ್ಪಾದಾಗ. ಅದಕ್ಕೆ ಬಣ್ಣ ಕೊಟ್ಟು ಮಾರಲು ಹೊರಟ ಅಭ್ಯಾಸ ಮೂವತ್ತು ವರ್ಷ ಮುಂದುವರಿಯಿತು. ಬಳಿದವರಲ್ಲಿ ಹಲವರಿಗೆ ಅದು ಅಷ್ಟು ಅಪಾಯಕಾರಿ ಎಂಬ ಅರಿವೂ ಇರಲಿಲ್ಲ.

*ಸೂರ್ಯಕಾಂತಿಯಲ್ಲೂ ಅದೇ ಹಳದಿ*

ಈ ಲೆಡ್ ಕ್ರೋಮೇಟ್ ಚಿತ್ರಕಾರರಿಗೆ ಹಳೆಯ ಪರಿಚಯ. ಅವರು ಇದನ್ನು ಕ್ರೋಮ್ ಯೆಲ್ಲೊ ಎನ್ನುತ್ತಾರೆ. ಡಚ್ ಕಲಾವಿದ ವಿನ್ಸೆಂಟ್ ವ್ಯಾನ್ ಗೋ 1888-89ರಲ್ಲಿ ಬರೆದ ಸೂರ್ಯಕಾಂತಿ ಚಿತ್ರಗಳು ಜಗತ್ಪ್ರಸಿದ್ಧ. ಆ ಹೂಗಳಿಗೆ ಬಳಸಿದ್ದು ಇದೇ ಹಳದಿ. ಕಾಲ ಕಳೆದಂತೆ ಅವನ ಚಿತ್ರಗಳ ಹಳದಿ ಕಂದಾಗತೊಡಗಿತು. ಯಾಕೆ ಎಂದು ತಿಳಿಯಲು ವಿಜ್ಞಾನಿಗಳು ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಬೃಹತ್ ಎಕ್ಸ್-ರೇ ಕೇಂದ್ರದಲ್ಲಿ ಬಣ್ಣದ ಸೂಕ್ಷ್ಮ ಕಣಗಳನ್ನು ಪರೀಕ್ಷಿಸಿದರು. ಬೆಳಕಿನ ಪರಿಣಾಮದಿಂದ ಬಣ್ಣದಲ್ಲಿರುವ ಕ್ರೋಮಿಯಂ ರೂಪ ಬದಲಿಸುತ್ತಿದೆ ಎಂದು 2011ರಲ್ಲಿ ವರದಿ ಮಾಡಿದರು. ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂ ತನ್ನಲ್ಲಿರುವ ಸೂರ್ಯಕಾಂತಿ ಚಿತ್ರವನ್ನು ಇನ್ನು ಹೊರಗೆಲ್ಲೂ ಕಳಿಸುವುದಿಲ್ಲ ಎಂದು 2019ರಲ್ಲಿ ತೀರ್ಮಾನಿಸಿತು.

ಅಂಥ ಬೆಲೆಬಾಳುವ ಚಿತ್ರವನ್ನು ಕೆರೆದು ಪರೀಕ್ಷಿಸುವಂತಿಲ್ಲ. ಆದ್ದರಿಂದ ಮ್ಯೂಸಿಯಂಗಳಲ್ಲಿ ಎಕ್ಸ್‌ಆರ್‌ಎಫ್ ಎಂಬ ಉಪಕರಣ ಬಳಸುತ್ತಾರೆ. ಅದು ಮುಟ್ಟದೆ, ಮುರಿಯದೆ ಪರೀಕ್ಷಿಸುತ್ತದೆ. ವಸ್ತುವಿನ ಮೇಲೆ ಎಕ್ಸ್-ರೇ ಬಿಟ್ಟಾಗ ಅದರಲ್ಲಿರುವ ಪ್ರತಿಯೊಂದು ಧಾತುವೂ ತನ್ನದೇ ಆದ ಶಕ್ತಿಯ ಎಕ್ಸ್-ರೇಯನ್ನು ಮರಳಿ ಸೂಸುತ್ತದೆ. ಸೀಸದ್ದು ಒಂದು, ಕ್ರೋಮಿಯಂನದು ಇನ್ನೊಂದು, ಕಬ್ಬಿಣದ್ದು ಮತ್ತೊಂದು. ಪರಿಚಿತರ ದನಿ ಕೇಳಿಯೇ ಮಾತಾಡುವವರು ಯಾರೆಂದು ನಾವು ಹೇಳುತ್ತೇವಲ್ಲ, ಹಾಗೆ ಉಪಕರಣ ಆ ಸದ್ದಿಲ್ಲದ ದನಿಯಿಂದ ಧಾತುವನ್ನು ಗುರುತಿಸುತ್ತದೆ.

ಈಗ ಇದು ಕೂದಲು ಒಣಗಿಸುವ ಡ್ರೈಯರ್‌ನಂತೆ ಕೈಯಲ್ಲಿ ಹಿಡಿಯುವ ಗಾತ್ರದಲ್ಲೂ ಬರುತ್ತದೆ. ಅರಿಶಿನದ ಮೇಲೆ ಹಿಡಿದರೆ ಕೆಲವೇ ನಿಮಿಷಗಳಲ್ಲಿ ಸೀಸವಿದೆಯೇ ಎಂದು ತೋರಿಸುತ್ತದೆ. ಸೀಸದ ಜೊತೆಗೆ ಸರಿಸಮಾನ ಸಂಖ್ಯೆಯಲ್ಲಿ ಕ್ರೋಮಿಯಂ ಪರಮಾಣುಗಳೂ ಇದ್ದರೆ, ಆ ಸೀಸ ಹೊಲದ ಮಣ್ಣಿನದಲ್ಲ, ಯಾರೋ ಬೆರೆಸಿದ ಲೆಡ್ ಕ್ರೋಮೇಟ್ ಎಂದು ಬಲವಾಗಿ ಅನುಮಾನಿಸಬಹುದು.

*ಸೀಸ ದೇಹದಲ್ಲಿ ಏನು ಮಾಡುತ್ತದೆ?*

ಇದನ್ನು ಅರ್ಥಮಾಡಿಕೊಳ್ಳಲು ಕಾರಿನ ಉದಾಹರಣೆ ಸುಲಭ. ಪೆಟ್ರೋಲ್ ಕಾರಿನ ಹೊಗೆ ಕೊಳವೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಅದರಲ್ಲಿರುವ ಪ್ಲಾಟಿನಂನಂಥ ಲೋಹಗಳು ವೇಗವರ್ಧಕಗಳು. ತಾವು ಖರ್ಚಾಗದೆ ವಿಷಾನಿಲವನ್ನು ಕಡಿಮೆ ಹಾನಿಯ ಅನಿಲವಾಗಿ ಮಾರ್ಪಡಿಸುತ್ತವೆ. ಹಿಂದೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಆ ಸೀಸ ಪ್ಲಾಟಿನಂ ಮೇಲೆ ಕೂತರೆ ವೇಗವರ್ಧಕ ಕೆಟ್ಟು ಕೂರುತ್ತದೆ. 1975ರ ಹೊತ್ತಿಗೆ ಅಮೆರಿಕದಲ್ಲಿ ಇಂಥ ಕಾರುಗಳು ಬಂದಾಗ ಸೀಸವಿಲ್ಲದ ಪೆಟ್ರೋಲ್ ಅನಿವಾರ್ಯವಾಯಿತು. ಕಾರಿನ ಭಾಗ ಉಳಿಸಲು ಸೀಸ ತೆಗೆದರು, ಜನರ ರಕ್ತದಲ್ಲಿ ಸೀಸ ಇಳಿಯಿತು! ನಮ್ಮಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಇದು ಆರಂಭವಾಗಿ, 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಜಾರಿಗೆ ಬಂತು.

ನಮ್ಮ ದೇಹದಲ್ಲೂ ಸಾವಿರಾರು ವೇಗವರ್ಧಕಗಳಿವೆ. ಅವೇ ಕಿಣ್ವಗಳು, ಅಂದರೆ ಎನ್‌ಜೈಮುಗಳು. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ತಯಾರಿಸುವ ಒಂದು ಕಿಣ್ವಕ್ಕೆ ಸತು, ಅಂದರೆ ಜಿಂಕ್, ಬೇಕು. ಸೀಸ ಬಂದು ಆ ಸತುವಿನ ಜಾಗದಲ್ಲಿ ಕೂತುಬಿಡುತ್ತದೆ, ಕೆಲಸ ನಿಲ್ಲುತ್ತದೆ. ಸೀಸದಿಂದ ರಕ್ತಹೀನತೆ ಬರುವುದಕ್ಕೆ ಇದೂ ಒಂದು ಕಾರಣ. ಅಷ್ಟೇ ಅಲ್ಲ, ದೇಹ ಸೀಸವನ್ನು ಕ್ಯಾಲ್ಸಿಯಂ ಎಂದು ಭ್ರಮಿಸಿ ಮೂಳೆಯಲ್ಲಿ ಕೂಡಿಡುತ್ತದೆ. ಅಲ್ಲಿ ಅದು ದಶಕಗಳ ಕಾಲ ಉಳಿಯಬಲ್ಲದು. ಮುಂದೆ ಗರ್ಭಿಣಿಯಾದಾಗ ಮೂಳೆಯಿಂದ ಕ್ಯಾಲ್ಸಿಯಂ ಜೊತೆ ಸೀಸವೂ ಹೊರಬಂದು ಹೊಟ್ಟೆಯಲ್ಲಿರುವ ಕೂಸನ್ನು ಮುಟ್ಟುತ್ತದೆ.

ಹೆಚ್ಚು ಪೆಟ್ಟು ಬೀಳುವುದು ಮಕ್ಕಳಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗಿಂತ ಮಕ್ಕಳ ದೇಹ 4-5 ಪಟ್ಟು ಹೆಚ್ಚು ಸೀಸ ಹೀರಬಲ್ಲದು. ಕಲಿಕೆ ಹಿಂದುಳಿಯುವುದು, ಏಕಾಗ್ರತೆ ಕಡಿಮೆಯಾಗುವುದು, ಸ್ವಭಾವದಲ್ಲಿ ಬದಲಾವಣೆ ಇವೆಲ್ಲ ನಿಧಾನವಾಗಿ ಬರುತ್ತವೆ. ಜ್ವರವಿಲ್ಲ, ನೋವಿಲ್ಲ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ದೊಡ್ಡವರಲ್ಲಿ ರಕ್ತದೊತ್ತಡ, ಮೂತ್ರಪಿಂಡ ಮತ್ತು ಹೃದಯದ ತೊಂದರೆ. ಇಷ್ಟು ಸೀಸ ಸುರಕ್ಷಿತ ಎಂಬ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

"ಎಲ್ಲರ ಮೈಯಲ್ಲೂ ಸ್ವಲ್ಪ ಸೀಸ ಇದ್ದೇ ಇರುತ್ತದೆ ಬಿಡಿ" ಎನ್ನುವವರಿದ್ದಾರೆ. ಅವರಿಗೆ ಉತ್ತರ ಹಳೆಯ ಮೂಳೆಗಳಲ್ಲಿದೆ. ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು ಲೆಕ್ಕ ಹಾಕಿದ ಅಮೆರಿಕದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಮತ್ತು ಸಂಗಡಿಗರು, ದಕ್ಷಿಣ ಅಮೆರಿಕದ ಪೆರು ದೇಶದ ಸುಮಾರು 1600 ವರ್ಷ ಹಳೆಯ ಮೂಳೆಗಳಲ್ಲಿ ಸೀಸ ಅಳೆದರು. 1979ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇಂದಿನವರ ಮೂಳೆಯಲ್ಲಿ ಅವರಿಗಿಂತ ನೂರಾರು ಪಟ್ಟು ಸೀಸ ಇರುವುದು ಕಂಡಿತು. ಅಂದರೆ ನಾವು ಸಹಜ ಎಂದುಕೊಂಡದ್ದು ಸಹಜವಲ್ಲ, ಮನುಷ್ಯನೇ ತಂದುಕೊಂಡದ್ದು.

ಅರಿಶಿನದ್ದು ಇದಕ್ಕಿಂತ ಹಳೆಯ ಕಥೆ. ಹರಿಯಾಣದ ಫರ್ಮಾನಾ ಎಂಬ ಹರಪ್ಪ ಕಾಲದ ನೆಲೆಯಲ್ಲಿ ಅರಿಶಿನ, ಶುಂಠಿಯ ಪಿಷ್ಟದ ಕಣಗಳು ಸಿಕ್ಕಿವೆ, ನಾಲ್ಕು ಸಾವಿರ ವರ್ಷಕ್ಕೂ ಹಳೆಯವು. ಇಸ್ರೇಲಿನ ಮೆಗಿದ್ದೋದಲ್ಲಿ ಮೂರೂವರೆ ಸಾವಿರ ವರ್ಷಗಳ ಹಿಂದಿನವರ ಹಲ್ಲಿನ ಕಿಟ್ಟದಲ್ಲೂ ಅರಿಶಿನದ ಪ್ರೋಟೀನ್ ಗುರುತು ಸಿಕ್ಕಿದೆ. ಅರಿಶಿನ ನಮ್ಮ ಶತ್ರುವಲ್ಲ. ಅದಕ್ಕೆ ಬಳಿದ ಬಣ್ಣ ಶತ್ರು.

*ನಮ್ಮ ದೇಶದಲ್ಲಿ ಪರಿಸ್ಥಿತಿ ಹೇಗಿದೆ?*

2020ರ ಡಿಸೆಂಬರ್‌ನಿಂದ 2021ರ ಮಾರ್ಚ್‌ವರೆಗೆ ಭಾರತ, ಪಾಕಿಸ್ತಾನ, ನೇಪಾಳ, ಶ್ರೀಲಂಕಾಗಳ 23 ನಗರಗಳಿಂದ 356 ಅರಿಶಿನದ ಮಾದರಿ ಸಂಗ್ರಹಿಸಿ ಪರೀಕ್ಷಿಸಿದರು. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಶೇಕಡಾ 14ರಷ್ಟು ಮಾದರಿಗಳಲ್ಲಿ ಗ್ರಾಂಗೆ 2 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸವಿತ್ತು. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು. ನಮ್ಮ ಪಟ್ನಾ, ಪಾಕಿಸ್ತಾನದ ಕರಾಚಿ ಮತ್ತು ಪೇಶಾವರದ ಕೆಲವು ಮಾದರಿಗಳಲ್ಲಿ ಅದು 1000 ಮೈಕ್ರೋಗ್ರಾಂ ದಾಟಿತ್ತು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಅರಿಶಿನಕ್ಕೆ ಇಟ್ಟಿರುವ ಮಿತಿ ಗ್ರಾಂಗೆ 10 ಮೈಕ್ರೋಗ್ರಾಂ. ಲೆಡ್ ಕ್ರೋಮೇಟ್ ಅಂತೂ ಇರಲೇಕೂಡದು ಎಂಬುದು ನಿಯಮ.

ಲೆಕ್ಕ ಹಾಕಿ ನೋಡಿ. ಮಗುವೊಂದು ದಿನಕ್ಕೆ ಒಂದು ಗ್ರಾಂ, ಅಂದರೆ ಸುಮಾರು ಕಾಲು ಚಮಚದಷ್ಟು ಅರಿಶಿನವನ್ನು ಹುಳಿ, ಪಲ್ಯ, ಚಿತ್ರಾನ್ನ, ಹಾಲು ಎಲ್ಲ ಸೇರಿ ತಿಂದರೆ, 1000 ಮೈಕ್ರೋಗ್ರಾಂ ಇರುವ ಅರಿಶಿನದಿಂದ ದಿನಕ್ಕೆ 1000 ಮೈಕ್ರೋಗ್ರಾಂ ಸೀಸ ಹೊಟ್ಟೆಗೆ ಹೋಗುತ್ತದೆ. ಮಕ್ಕಳ ಆಹಾರದಿಂದ ದಿನಕ್ಕೆ ಬರುವ ಸೀಸಕ್ಕೆ ಅಮೆರಿಕದ ಆಹಾರ ಇಲಾಖೆ ಇಟ್ಟುಕೊಂಡಿರುವ ಗುರುತು 2.2 ಮೈಕ್ರೋಗ್ರಾಂ ಮಾತ್ರ.

ಗಾಬರಿ ಬೇಡ. ಅದೇ ಅಧ್ಯಯನದ ಇನ್ನೊಂದು ಮುಖವನ್ನೂ ನೋಡಿ, ಶೇಕಡಾ 86ರಷ್ಟು ಮಾದರಿಗಳು 2 ಮೈಕ್ರೋಗ್ರಾಂ ಒಳಗೇ ಇದ್ದವು. ಅರಿಶಿನ ಬಿಡುವ ಅಗತ್ಯವಿಲ್ಲ, ಆರಿಸುವ ರೀತಿ ಬದಲಾಗಬೇಕು.

*ನೀರಿನ ಪರೀಕ್ಷೆ ಸಾಕೇ?*

ಅರಿಶಿನವನ್ನು ನೀರಿಗೆ ಹಾಕಿ ನೋಡಿ ಎಂಬ ವಿಡಿಯೋ ನಿಮಗೂ ಬಂದಿರಬಹುದು. ಅದರಲ್ಲಿ ಸತ್ಯವೂ ಇದೆ, ಮಿತಿಯೂ ಇದೆ.

ಇಡೀ ಕೊಂಬನ್ನು ಒಂದು ಲೋಟ ನೀರಿಗೆ ಹಾಕಿ. ಶುದ್ಧ ಕೊಂಬು ತಕ್ಷಣ ಬಣ್ಣ ಬಿಡುವುದಿಲ್ಲ. ಹಾಕಿದ ಕೂಡಲೇ ಢಾಳಾದ ಹಳದಿ ಬಿಟ್ಟರೆ ಮೇಲೆ ಏನೋ ಬಳಿದಿದ್ದಾರೆ ಎಂದರ್ಥ. ಇದು ಎಫ್‌ಎಸ್‌ಎಸ್‌ಎಐ ಕೂಡ ಹೇಳಿರುವ ಪರೀಕ್ಷೆ.

ಪುಡಿಯ ವಿಷಯ ಬೇರೆ. ನೀರಿನಲ್ಲಿ ಕರಗುವ ಕೃತಕ ಬಣ್ಣವಿದ್ದರೆ ನೀರು ಗಾಢ ಹಳದಿಯಾಗಿ ಗೊತ್ತಾಗಬಹುದು. ಲೆಡ್ ಕ್ರೋಮೇಟ್ ನೀರಿನಲ್ಲಿ ಕರಗುವುದೇ ಇಲ್ಲ, ಅರಿಶಿನದ ಜೊತೆ ತಳಕ್ಕೆ ಹೋಗಿ ಕೂರುತ್ತದೆ. ನಮ್ಮ ಜಠರದ ಆಮ್ಲದಲ್ಲಿ ಮಾತ್ರ ಅದರ ಒಂದು ಪಾಲು ಕರಗಿ ರಕ್ತ ಸೇರುತ್ತದೆ. ಹಾಗಾಗಿ ಲೋಟದ ಪರೀಕ್ಷೆಯಲ್ಲಿ ಕೆಟ್ಟದ್ದು ಕಂಡರೆ ಆ ಅರಿಶಿನ ಬಳಸಬೇಡಿ. ಏನೂ ಕಾಣದಿದ್ದರೆ ಶುದ್ಧ ಎಂದು ಸರ್ಟಿಫಿಕೇಟ್ ಕೊಡಬೇಡಿ. ಖಚಿತ ಉತ್ತರ ಪ್ರಯೋಗಾಲಯದಲ್ಲಿ ಮಾತ್ರ. ಬೇಯಿಸಿದರೆ, ಹುರಿದರೆ ಹೋಗುತ್ತದೆ ಎಂಬುದೂ ಸುಳ್ಳು. ಸೀಸ ಒಂದು ಧಾತು, ಬೆಂಕಿಗೆ ಅದು ನಾಶವಾಗುವುದಿಲ್ಲ.

*ನೀವು ಮಾಡಬಹುದಾದದ್ದು*

1. ಅಸಹಜವಾಗಿ ಹೊಳೆಯುವ, ಕೈಗೆ ಹಳದಿ ಧೂಳು ಮೆತ್ತಿಕೊಳ್ಳುವ ಕೊಂಬು ಬೇಡ. ಸ್ವಲ್ಪ ಮಂಕಾಗಿ, ಸುಕ್ಕಾಗಿ ಕಂಡರೆ ಚಿಂತೆಯಿಲ್ಲ. ಮುರಿದು ನೋಡಿ, ಬಣ್ಣ ಒಳಗಿರಬೇಕು.

2. ಪುಡಿಯನ್ನು ಬಿಡಿಯಾಗಿ ಕೊಳ್ಳಬೇಡಿ. ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ ಇರುವ ಪ್ಯಾಕೆಟ್ ಕೊಳ್ಳಿ. ಅದು ಸಂಪೂರ್ಣ ಭರವಸೆ ಅಲ್ಲದಿದ್ದರೂ, ತೊಂದರೆಯಾದರೆ ಯಾರನ್ನು ಕೇಳಬೇಕು ಎಂಬುದಕ್ಕೆ ದಾರಿ ಇರುತ್ತದೆ.

3. ಊರಿಗೆ ಹೋದಾಗ ಪರಿಚಯದ ರೈತರಿಂದ ಪಾಲಿಶ್ ಮಾಡದ ಕೊಂಬು ಸಿಕ್ಕರೆ ತಂದು, ತೊಳೆದು, ಒಣಗಿಸಿ, ಗಿರಣಿಯಲ್ಲಿ ಪುಡಿ ಮಾಡಿಸಿಕೊಳ್ಳಿ.

4. ಅನುಮಾನ ಬಂದರೆ ಮಾನ್ಯತೆ ಪಡೆದ ಆಹಾರ ಪ್ರಯೋಗಾಲಯಕ್ಕೆ ಕೊಡಿ, ಸೀಸ ಪರೀಕ್ಷೆ ಬೇಕು ಎಂದು ಸ್ಪಷ್ಟವಾಗಿ ಕೇಳಿ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ, ಕೊಂಡ ವಸ್ತುವನ್ನು ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸುವ ಹಕ್ಕು ಗ್ರಾಹಕರಿಗಿದೆ. ನಿಯಮ ಮೀರಿದ್ದು ಸಾಬೀತಾದರೆ ಶುಲ್ಕ ವಾಪಸು ಸಿಗುತ್ತದೆ. ಒಬ್ಬರಿಗೆ ಖರ್ಚು ಹೆಚ್ಚೆನಿಸಿದರೆ ಸೊಸೈಟಿಯ ನಾಲ್ಕು ಮನೆಯವರು, ಕನ್ನಡ ಸಂಘದವರು ಸೇರಿ ಮಾಡಿಸಿ.

5. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಗರ್ಭಿಣಿಯರಿದ್ದರೆ, ಅನುಮಾನವಿದ್ದಲ್ಲಿ ವೈದ್ಯರ ಬಳಿ ರಕ್ತದ ಸೀಸ ಪರೀಕ್ಷೆ ಬಗ್ಗೆ ಕೇಳಿ. ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಸೀಸ ಕಾಣುವುದಿಲ್ಲ, ಬೇರೆಯೇ ಬರೆಸಬೇಕು. ಅಮೆರಿಕದ ಸಿಡಿಸಿ ಪ್ರಕಾರ ಮಕ್ಕಳಲ್ಲಿ ಡೆಸಿಲೀಟರ್‌ಗೆ 3.5 ಮೈಕ್ರೋಗ್ರಾಂ ಅಥವಾ ಹೆಚ್ಚಿದ್ದರೆ ಮೂಲ ಹುಡುಕಬೇಕು.

6. ಕಬ್ಬಿಣಾಂಶ, ಕ್ಯಾಲ್ಸಿಯಂ ಕೊರತೆಯಿದ್ದರೆ ದೇಹ ಸೀಸವನ್ನು ಹೆಚ್ಚು ಹೀರುತ್ತದೆ. ರಾಗಿ, ಸೊಪ್ಪು, ಬೇಳೆಕಾಳು, ಹಾಲು ಮೊಸರು, ಜೊತೆಗೆ ನಿಂಬೆ, ನೆಲ್ಲಿಕಾಯಿ ಊಟದಲ್ಲಿರಲಿ. ಖಾಲಿ ಹೊಟ್ಟೆಯಲ್ಲಿ ಮಕ್ಕಳನ್ನು ಬಿಡಬೇಡಿ.

7. "ಸೀಸ ತೆಗೆಯುವ ಕಷಾಯ", "ಡಿಟಾಕ್ಸ್ ಪುಡಿ" ಎಂಬ ಮಾತಿಗೆ ಮರುಳಾಗಬೇಡಿ. ರಕ್ತದಲ್ಲಿ ಸೀಸ ಬಹಳ ಹೆಚ್ಚಿದ್ದರೆ ಅದಕ್ಕೆ ಔಷಧವಿದೆ, ಆಸ್ಪತ್ರೆಯಲ್ಲಿ ವೈದ್ಯರೇ ಕೊಡಬೇಕು. ಉಳಿದವರಿಗೆ ಮೊದಲ ಚಿಕಿತ್ಸೆ ಎಂದರೆ ಸೀಸ ಬರುವ ದಾರಿ ಮುಚ್ಚುವುದು.

8. ಸೀಸಕ್ಕೆ ಬೇರೆ ದಾರಿಗಳೂ ಇವೆ: ಹಳೆಯ ಮನೆಯ ಉದುರುವ ಬಣ್ಣ, ಹಳೆ ಬ್ಯಾಟರಿ ಒಡೆಯುವ ಜಾಗ, ಸೀಸ ಬೆರೆತ ಕಲಾಯಿ, ಕೆಂಪು ಸೀಸ ಬೆರೆತ ಸಿಂಧೂರ. ಅರಿಶಿನ, ಸುಣ್ಣ ಸೇರಿಸಿ ಮಾಡಿದ ಸಾಂಪ್ರದಾಯಿಕ ಕುಂಕುಮವೇ ಬೇರೆ, ಆ ಸಿಂಧೂರವೇ ಬೇರೆ.

*ಇದು ನಿಲ್ಲಿಸಬಹುದಾದ ಪಿಡುಗು*

ಬಾಂಗ್ಲಾದೇಶದ ಕಥೆ ಅಲ್ಲಿಗೇ ಮುಗಿಯಲಿಲ್ಲ. 2019ರಲ್ಲಿ ಅಧ್ಯಯನ ಹೊರಬಂದ ಮೇಲೆ ಅಲ್ಲಿನ ಸರ್ಕಾರ ಎಚ್ಚೆತ್ತಿತು. ಅಧಿಕಾರಿಗಳು ಎಕ್ಸ್‌ಆರ್‌ಎಫ್ ಉಪಕರಣ ಹಿಡಿದು ಢಾಕಾದ ಸಗಟು ಮಾರುಕಟ್ಟೆಗೇ ಹೋದರು. ಸ್ಥಳದಲ್ಲೇ ಪರೀಕ್ಷೆ, ಸ್ಥಳದಲ್ಲೇ ದಂಡ. ಇಬ್ಬರು ಸಗಟು ವ್ಯಾಪಾರಿಗಳಿಗೆ 8 ಲಕ್ಷ ಟಾಕಾ ದಂಡ ಬಿತ್ತು, ಸುದ್ದಿ ಟಿವಿಯಲ್ಲಿ ಬಂತು. ಮಾರುಕಟ್ಟೆಗಳಲ್ಲಿ ಎಚ್ಚರಿಕೆಯ ಪ್ರಕಟಣೆ ಹಂಚಿದರು. 2019ರಲ್ಲಿ ಮಾರುಕಟ್ಟೆಯ ಶೇಕಡಾ 47ರಷ್ಟು ಮಾದರಿಗಳಲ್ಲಿ ಸೀಸ ಕಂಡಿತ್ತು. 2021ರ ಹೊತ್ತಿಗೆ ಒಂದರಲ್ಲೂ ಕಾಣಲಿಲ್ಲ. ಅರಿಶಿನ ಗಿರಣಿಯ ಕೆಲಸಗಾರರ ರಕ್ತದ ಸೀಸವೂ ಸುಮಾರು ಶೇಕಡಾ 30ರಷ್ಟು ಇಳಿಯಿತು. ಮೂವತ್ತು ವರ್ಷದ ಪಿಡುಗು ಎರಡೇ ವರ್ಷದಲ್ಲಿ ತಹಬಂದಿಗೆ ಬಂತು.

ಅಲ್ಲಿ ಸಾಧ್ಯವಾದದ್ದು ನಮ್ಮಲ್ಲೂ ಸಾಧ್ಯ. ಹೊಳಪಿಗೆ ಗಿರಾಕಿ ಇರುವವರೆಗೆ ಹೊಳಪು ಬಳಿಯುವವರು ಇರುತ್ತಾರೆ. ಮುಂದಿನ ಸಲ ಅಂಗಡಿಗೆ ಹೋದಾಗ "ಪಾಲಿಶ್ ಮಾಡದ್ದು ಇದೆಯಾ?" ಎಂದು ಒಂದು ಮಾತು ಕೇಳಿ. ಹತ್ತು ಜನ ಕೇಳಿದರೆ ಅಂಗಡಿಯವರು ತರಿಸುತ್ತಾರೆ.

ಈ ಲೇಖನ ಉಪಯುಕ್ತ ಎನಿಸಿದರೆ ನಿಮ್ಮ ಬಂಧುಬಳಗಕ್ಕೆ, ಅದರಲ್ಲೂ ಮನೆಯಲ್ಲಿ ಗರ್ಭಿಣಿಯರು, ಚಿಕ್ಕ ಮಕ್ಕಳು ಇರುವವರಿಗೆ ತಪ್ಪದೆ ಕಳಿಸಿ. ಎಲ್ಲರೂ ಆರೋಗ್ಯವಾಗಿರಿ.